ಎರಡನೇ ರಿಪೀಟರ್ ಎಲ್ಲಿ ಇಡೋಣ?

ಹ್ಯಾಮ್ ರೇಡಿಯೋ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ವಿಜಯನಗರದಲ್ಲಿ ಐದಂತಸ್ತಿನ ಅಪಾರ್ಟ್‌ಮೆಂಟ್ ತಾರಸಿ ಮೇಲೆ ನಮ್ಮ ಹ್ಯಾಮ್ (ಹವ್ಯಾಸಿ ರೇಡಿಯೋ) ಗುಂಪಿನ ಡಿಎಂಆರ್ ರಿಪೀಟರ್ (ಡಿಜಿಟಲ್ ಮಾತನ್ನು ಹಿಡಿದು ಜೋರಾಗಿ ಮತ್ತೆ ಕಳಿಸುವ ಯಂತ್ರ) ಇದೆ. ನೆಲಮಂಗಲ ದಾಟಿದ ಮೇಲೆ ಅದರ ಮಾತು ನಮಗೆ ಚೆನ್ನಾಗಿ ಕೇಳಿಸುತ್ತದೆ. ನಮ್ಮ ಹ್ಯಾಂಡಿಯ (ಕೈಯಲ್ಲಿ ಹಿಡಿಯುವ ಸೆಟ್) ಮಾತು ಮಾತ್ರ ಅದನ್ನು ಮುಟ್ಟುವುದಿಲ್ಲ. ಚಂದಾ ಎತ್ತಿ ಇನ್ನೊಂದು ರಿಪೀಟರ್ ಹಾಕೋಣ ಎಂದಿದ್ದೇವೆ. ನಂದಿ ಬೆಟ್ಟವೋ, ಶಿವಗಂಗೆಯೋ?
– ಓದುಗರು, ನೆಲಮಂಗಲ

ಉತ್ತರ: ಸ್ವಾಮಿ, ಚಂದಾ ದುಡ್ಡು ಸ್ವಲ್ಪ ದಿನ ಬ್ಯಾಂಕಿನಲ್ಲೇ ಇರಲಿ. ರಿಪೀಟರ್ 40 ವ್ಯಾಟ್‌ನಲ್ಲಿ ಕೂಗುತ್ತಿರಬಹುದು, ನಿಮ್ಮ ಹ್ಯಾಂಡಿ 5 ವ್ಯಾಟ್. ರಿಪೀಟರಿನ ಬಾಯಿ ದೊಡ್ಡದು, ಕಿವಿ ಮಂದ. ಪವರ್ ಜಾಸ್ತಿ ಮಾಡಿದರೆ ಬಾಯಿ ಇನ್ನೂ ದೊಡ್ಡದಾಗುತ್ತದೆ ಅಷ್ಟೇ.

ಒಂದು ಪರೀಕ್ಷೆ ಮಾಡಿ. ದೂರದಿಂದ ಒಬ್ಬರು ಹ್ಯಾಂಡಿಯಲ್ಲಿ ಮಾತಾಡುತ್ತಿರಲಿ. ಟ್ರಾನ್ಸ್‌ಮಿಟರನ್ನು ಡಮ್ಮಿ ಲೋಡಿಗೆ (ಆಂಟೆನಾ ಬದಲು ಪವರ್ ನುಂಗುವ ಸಾಧನ) ಹಾಕಿ ರಿಪೀಟರ್ ಬಿಇಆರ್ (ಬಂದ ಮಾತಿನಲ್ಲಿ ತಪ್ಪಾದ ಬಿಟ್ಟುಗಳ ಪ್ರಮಾಣ) ಎಷ್ಟು ತೋರಿಸುತ್ತದೆ ನೋಡಿ. ಆಮೇಲೆ ಎಂದಿನಂತೆ ಡುಪ್ಲೆಕ್ಸರ್ (ಒಂದೇ ಆಂಟೆನಾದಲ್ಲಿ ಕಳಿಸುವುದನ್ನೂ ಕೇಳುವುದನ್ನೂ ಬೇರ್ಪಡಿಸುವ ಫಿಲ್ಟರ್) ಮೂಲಕ ಆಂಟೆನಾಕ್ಕೆ ಕೊಟ್ಟು ಮತ್ತೆ ನೋಡಿ. ಅಂಕಿ ಏರಿದರೆ ರಿಪೀಟರ್ ತನ್ನ ಗದ್ದಲದಲ್ಲೇ ಕಿವುಡಾಗಿದೆ ಎಂದರ್ಥ. ಡುಪ್ಲೆಕ್ಸರ್ ಟ್ಯೂನ್ ತಪ್ಪಿರುತ್ತದೆ, ಇಲ್ಲವೇ ಕೇಬಲ್ ಕೆಟ್ಟಿರುತ್ತದೆ. ಹೊರದೇಶದ ಸೆಕೆಂಡ್‌ಹ್ಯಾಂಡ್ ಡುಪ್ಲೆಕ್ಸರ್ ಅಗ್ಗಕ್ಕೆ ಸಿಕ್ಕಿತೆಂದು ತಂದು ಹಾಗೇ ಜೋಡಿಸುವವರು ಬಹಳ ಜನ. ಅಮೆರಿಕದಲ್ಲಿ ಈ ಬ್ಯಾಂಡಿನ ರಿಪೀಟರ್‌ಗಳಿಗೆ ಕಳಿಸುವ, ಕೇಳುವ ಫ್ರೀಕ್ವೆನ್ಸಿಗಳ ನಡುವೆ 5 ಮೆಗಾಹರ್ಟ್ಸ್ ಅಂತರ ಇರುತ್ತದೆ. ನಮಗೆ ಕೊಟ್ಟಿರುವುದೇ 434ರಿಂದ 438, ಒಟ್ಟು 4 ಮೆಗಾಹರ್ಟ್ಸ್. ಹಾಗಾಗಿ ಇಲ್ಲಿ ಮತ್ತೆ ಟ್ಯೂನ್ ಮಾಡದೆ ಅದು ಕೆಲಸಕ್ಕೆ ಬರಲ್ಲ.

ಕೇಬಲ್ ವಿಷಯ. ಮೇ ತಿಂಗಳ ಮಳೆ ಮುಗಿದ ಮೇಲೆ ಬಸವನಗುಡಿಯ ಒಂದು ತಾರಸಿಯಿಂದ ನಾವು ಕೇಬಲ್ ಇಳಿಸಿದೆವು. ಹೊರಗಿನಿಂದ ನೋಡಿದರೆ ಹೊಸದರ ಹಾಗೇ ಇತ್ತು. ಆಂಟೆನಾ ಬುಡದಲ್ಲಿ ಸುತ್ತಿದ್ದ ಕರೆಂಟ್ ಟೇಪನ್ನು ಬ್ಲೇಡಿನಲ್ಲಿ ಸೀಳಿದರೆ ಒಳಗೆ ಅಂಟು ಕರಗಿ ಲೊಳಲೊಳ ಎನ್ನುತ್ತಿತ್ತು. ಕನೆಕ್ಟರ್ ಬಿಚ್ಚಿದಾಗ ನಡುವಿನ ಪಿನ್ನಿನ ಸುತ್ತ ಹಸಿರು ಕಿಲುಬು. ಹೊರ ಜಾಳಿಗೆಯ ತಾಮ್ರ ಕಪ್ಪಾಗಿತ್ತು. ತುದಿ ಬಗ್ಗಿಸಿದರೆ ನೀರು ತೊಟ್ಟಿಕ್ಕಿತು! ವಿಚಿತ್ರ ಏನಂದರೆ, ಇಂಥ ಕೇಬಲ್ಲಿನ ಕೆಳತುದಿಯಲ್ಲಿ ಎಸ್‌ಡಬ್ಲ್ಯುಆರ್ ಮೀಟರ್ (ಆಂಟೆನಾದಿಂದ ವಾಪಸ್ ಬರುವ ಪವರ್ ಅಳೆಯುವ ಸಾಧನ) ಇಟ್ಟರೆ ಚೆಂದವಾಗಿಯೇ ತೋರಿಸುತ್ತದೆ. ವಾಪಸ್ ಬರುವ ಪವರನ್ನು ಕೆಟ್ಟ ಕೇಬಲ್ಲೇ ನುಂಗಿಬಿಡುತ್ತದೆ. ಅದಕ್ಕೇ ಮೀಟರನ್ನು ಆಂಟೆನಾ ತುದಿಯಲ್ಲೂ ಇಟ್ಟು ನೋಡಬೇಕು. ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಎಳೆದು ಸುತ್ತಿ, ಅದರ ಮೇಲೆ ಕರೆಂಟ್ ಟೇಪ್ ಹಾಕಿ. ಕಿಟಕಿಯಿಂದ ಒಳಗೆ ಬರುವ ಮುಂಚೆ ಕೇಬಲ್ ಒಮ್ಮೆ ಕೆಳಕ್ಕೆ ಬಾಗಿರಲಿ, ನೀರು ಅಲ್ಲೇ ಉದುರಿಹೋಗುತ್ತದೆ.

ಇಷ್ಟಾದ ಮೇಲೂ ನೆಲಮಂಗಲದಾಚೆ ಸಾಲದಿದ್ದರೆ ಎರಡನೆಯದು ಬೇಕು, ಒಪ್ಪಿದೆ. ಎತ್ತರದ ಲೆಕ್ಕ ನೋಡಿದರೆ ನಂದಿಗೆ ಸಾಟಿಯಿಲ್ಲ. ಬೆಟ್ಟ ಸಮುದ್ರಮಟ್ಟದಿಂದ 1,478 ಮೀಟರ್, ಬೆಂಗಳೂರು ಸುಮಾರು 920. ಅಷ್ಟು ಎತ್ತರದಿಂದ ರೇಡಿಯೋ ದಿಗಂತ ಹೆಚ್ಚುಕಡಿಮೆ 95 ಕಿ.ಮೀ. ನಿಮ್ಮ 20 ಮೀಟರ್ ತಾರಸಿಯಿಂದ 18 ಕಿ.ಮೀ. ಆದರೂ ನಾನು ನಂದಿ ಬೇಡ ಎನ್ನುತ್ತೇನೆ. ಅನುಮತಿಗೆ ಕಚೇರಿಯಿಂದ ಕಚೇರಿಗೆ ಅಲೆಯಬೇಕು. ಕೋತಿಗಳು ಕೇಬಲ್ ಬಿಡಲ್ಲ. ಸಿಡಿಲು ಬೇರೆ. ಬುಧವಾರ ರಾತ್ರಿ ರಿಪೀಟರ್ ಸತ್ತರೆ ಯಾರು ಹೋಗುತ್ತೀರಿ? ಶಿವಗಂಗೆ ನಿಮಗೆ ಹತ್ತಿರ, ಸರಿ. ಆದರೆ 100 ಆಂಪಿಯರ್ ಅವರ್‌ನ ಹಳೇ ಮಾದರಿ ಬ್ಯಾಟರಿ ಸುಮಾರು 30 ಕಿಲೋ ತೂಗುತ್ತದೆ. ಅದನ್ನು ಹೊತ್ತು ಆ ಮೆಟ್ಟಿಲು ಹತ್ತುವ ಹುಡುಗರು ನಿಮ್ಮಲ್ಲಿದ್ದರೆ ಹೇಳಿ.

ಡಾಬಸ್‌ಪೇಟೆ ಕಡೆ ನಿಮ್ಮ ಸದಸ್ಯರೊಬ್ಬರು ಕೆಲಸ ಮಾಡುವ ಕಾಲೇಜೋ ಕಾರ್ಖಾನೆಯೋ ಇದ್ದರೆ ಅದರ ತಾರಸಿ ಕೇಳಿ. ನಾಲ್ಕಂತಸ್ತು ಸಾಕು. ಕೀಲಿ ಅವರ ಜೇಬಿನಲ್ಲಿರಬೇಕು, ಅದೇ ಮುಖ್ಯ. ಹೊಸ ಜಾಗಕ್ಕೆ ಡಬ್ಲ್ಯುಪಿಸಿ (ರೇಡಿಯೋ ಪರವಾನಗಿ ಕೊಡುವ ಕೇಂದ್ರ ಸರ್ಕಾರದ ಕಚೇರಿ) ಕಡೆಯ ಕಾಗದಪತ್ರ ಮುಗಿಸಿಯೇ ಸ್ವಿಚ್ ಹಾಕಿ. ಪಕ್ಕದ ರಿಪೀಟರಿಗಿಂತ ಬೇರೆ ಕಲರ್ ಕೋಡ್ (ಯಾವ ರಿಪೀಟರ್ ಎಂದು ಗುರುತಿಸುವ ಸಂಖ್ಯೆ) ಇಡಿ, 0ರಿಂದ 15ರವರೆಗೆ ಯಾವುದಾದರೂ.

ಪ್ರಶ್ನೆ: ರಿಪೀಟರ್‌ಗಳನ್ನೆಲ್ಲ ಇಂಟರ್‌ನೆಟ್‌ನಲ್ಲಿ ಜೋಡಿಸಿದ್ದೀರಲ್ಲ, ನೆಟ್ ಹೋದರೆ ಎಲ್ಲಾ ಸತ್ತ ಹಾಗೇ ಅಲ್ವಾ?
– ಓದುಗರು, ಮಲ್ಲೇಶ್ವರ

ಉತ್ತರ: ಎಲ್ಲಾ ಸಾಯಲ್ಲ. ಡಿಎಂಆರ್‌ನಲ್ಲಿ 12.5 ಕಿಲೋಹರ್ಟ್ಸ್‌ನ ಒಂದೇ ಚಾನೆಲ್‌ನಲ್ಲಿ ಎರಡು ಸ್ಲಾಟ್, ತಲಾ 30 ಮಿಲಿಸೆಕೆಂಡ್ ಸರದಿ. ಒಂದು ಸ್ಲಾಟ್ ದೂರದ ಊರುಗಳಿಗೆ ಇರಲಿ. ಇನ್ನೊಂದನ್ನು ಸ್ಥಳೀಯ ಮಾತಿಗೇ ಬಿಡಿ. ನೆಟ್ ಹೋದರೂ ರಿಪೀಟರಿನ ಸುತ್ತಮುತ್ತಲಿನವರು ಅದರಲ್ಲಿ ಮಾತಾಡಬಹುದು. ಇಡೀ ದೇಶಕ್ಕೆಂದಿರುವ 404 ಸಂಖ್ಯೆಯ ಟಾಕ್‌ಗ್ರೂಪ್ (ನೆಟ್ ಮೂಲಕ ಸೇರುವ ಮಾತಿನ ಗುಂಪು) ಜೊತೆಗೆ ಸುಮ್ನೆ ಇನ್ನೂ ಹತ್ತು ಗ್ರೂಪ್ ಸದಾ ತೆರೆದಿಡುವ ಚಟ ಕೆಲವರಿಗಿದೆ. ಆಗ ಟ್ರಾನ್ಸ್‌ಮಿಟರ್ ದಿನವಿಡೀ ಉರಿಯುತ್ತದೆ. ಕಾರಿನ ಮೊಬೈಲ್ ಸೆಟ್ ಜೋಡಿಸಿ ಮಾಡಿದ ರಿಪೀಟರ್ ಆದರಂತೂ ಬೇಗ ಸುಟ್ಟುಹೋಗುತ್ತದೆ. ಪವರ್ ಅರ್ಧಕ್ಕಿಳಿಸಿ, ಫ್ಯಾನ್ ಹಾಕಿ.

ಕರೆಂಟ್ ಹೋಗಿ ಬಂದಾಗ ಏಳದ ರಿಪೀಟರಿನಲ್ಲಿ ಮೊದಲು ನೋಡಬೇಕಾದದ್ದು ರಾಸ್ಪ್‌ಬೆರಿ ಪೈ (ರಿಪೀಟರ್ ನಡೆಸುವ ಪುಟ್ಟ ಕಂಪ್ಯೂಟರ್) ಒಳಗಿನ ಮೆಮೊರಿ ಕಾರ್ಡ್. ಅದರದೇ ನಕಲು ಮಾಡಿದ ಇನ್ನೊಂದು ಕಾರ್ಡನ್ನು ಕವರಿನಲ್ಲಿ ಹಾಕಿ ಪೆಟ್ಟಿಗೆಯ ಬಾಗಿಲಿಗೇ ಅಂಟಿಸಿಡಿ. ಕಾವಲುಗಾರರಿಗೂ ಬದಲಿಸಲು ಹೇಳಿಕೊಡಬಹುದು.

ಪ್ರಶ್ನೆ: ಮಗಳು ಎಂಜಿನಿಯರಿಂಗ್ ಎರಡನೇ ವರ್ಷ. ಅಗ್ಗದ ಅನಲಾಗ್ ವಾಕಿಟಾಕಿ ತಂದಿದ್ದಾಳೆ. ಇದರಲ್ಲಿ ಸೇರಿಕೊಳ್ಳಬಹುದೇ?
– ಓದುಗರು, ಯಲಹಂಕ

ಉತ್ತರ: ಆ ಸೆಟ್ಟಿನಲ್ಲಿ ಡಿಎಂಆರ್ ಬರೀ ಗರಗಸದ ಸದ್ದಾಗಿ ಕೇಳುತ್ತದೆ. ಮೊದಲು ಎಎಸ್‌ಒಸಿ (ಹ್ಯಾಮ್ ಆಪರೇಟರ್ ಪ್ರಮಾಣಪತ್ರ) ಪರೀಕ್ಷೆ ಬರೆದು ಲೈಸೆನ್ಸ್ ತಗೊಳ್ಳಲಿ. ಅಲ್ಲಿಯವರೆಗೆ ಪಿಟಿಟಿ (ಮಾತಾಡಲು ಒತ್ತುವ ಗುಂಡಿ) ಒತ್ತಬಾರದು. ಕಾಲ್‌ಸೈನ್ (ಲೈಸೆನ್ಸಿನೊಂದಿಗೆ ಸಿಗುವ ಗುರುತು) ಬಂದ ಮೇಲೆ 404ರಿಂದ ಶುರುವಾಗುವ ಏಳಂಕಿಯ ಡಿಎಂಆರ್ ಐಡಿಗೆ ಅರ್ಜಿ ಹಾಕಿ, ಆಮೇಲೆ ಡಿಜಿಟಲ್ ಸೆಟ್ ಕೊಂಡರಾಯಿತು.