ಮೂರು ಲೇಖನ, ಮೂರು ಮಾತು: ಯಾವುದನ್ನು ನಂಬಬೇಕು?

ನಮಸ್ಕಾರ,

ನಿಮ್ಮ ಪತ್ರ ಉದ್ದವಾಗಿತ್ತು, ಸ್ವಲ್ಪ ಖಾರವಾಗಿಯೂ ಇತ್ತು. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗಾಗಿ ಪತ್ರದ ಸಾರ ಹೇಳಿಬಿಡುತ್ತೇನೆ. ನೀವು ಬಹಳ ವರ್ಷಗಳಿಂದ ಲೆಕ್ಕಪತ್ರದ ಕೆಲಸದಲ್ಲಿದ್ದೀರಿ. ನಮ್ಮ ಹಿಂದಿನ ಸಂಚಿಕೆಯಲ್ಲಿ ಒಂದು ಲೇಖನ ಎಐ ಬಂದು ಗುಮಾಸ್ತರ ಕೆಲಸ ಹೋಗುತ್ತದೆ ಎಂದಿತು. ಇನ್ನೊಂದು, ಅದೇ ಎಐ ಲೋಕದ ಕರೆಂಟನ್ನೆಲ್ಲ ನುಂಗುತ್ತದೆ ಎಂದಿತು. ಮೂರನೆಯದು ಸೋಲಾರ್‌ನಿಂದ ಮತ್ತು ಸೂರ್ಯನಲ್ಲಿ ಆಗುವ ಹಾಗೆ ಪರಮಾಣುಗಳನ್ನು ಬೆಸೆದು ಶಕ್ತಿ ತೆಗೆಯುವ ಫ್ಯೂಷನ್‌ನಿಂದ ಕರೆಂಟ್ ಹೆಚ್ಚೂಕಡಿಮೆ ಪುಕ್ಕಟೆ ಆಗುವ ಕಾಲ ಬಂತು ಎಂದಿತು. “ಮೂರೂ ಒಟ್ಟಿಗೆ ನಿಜ ಆಗೋದು ಹೇಗೆ? ನಾನು ಹೆದರಬೇಕೋ, ಖುಷಿಪಡಬೇಕೋ?” ಎಂದು ಕೇಳಿದ್ದೀರಿ. ಕೊನೆಯಲ್ಲಿ, ಮಗಳು ಮುಂದೆ ಏನು ಓದಿದರೆ ಒಳ್ಳೆಯದು ಎಂಬ ಪ್ರಶ್ನೆಯೂ ಇದೆ.

ಮೂರನ್ನೂ ಬರೆದವರು ಬೇರೆ ಬೇರೆಯವರು. ಮೂವರ ಮಾತಿನಲ್ಲೂ ಹುರುಳಿದೆ. ಆದರೆ ಯಂತ್ರ ಬಂದ ಮೇಲೆ ಅದರ ಸುತ್ತಲಿನದು ಬದಲಾಗಲು ಎಷ್ಟು ಕಾಲ ಹಿಡಿಯುತ್ತದೆ ಎಂಬುದನ್ನು ಮೂವರೂ ಅಷ್ಟಾಗಿ ಮುಟ್ಟಿಲ್ಲ. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಅದೇ. ಒಂದು ಹಳೇ ಕಥೆಯಿಂದ ಶುರು ಮಾಡುತ್ತೇನೆ.

ಎಡಿಸನ್ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಲ್ಲಿ ವಿದ್ಯುತ್ ಕೇಂದ್ರ ತೆರೆದದ್ದು 1882ರಲ್ಲಿ. ಅಷ್ಟು ಹೊತ್ತಿಗೆ ಮೋಟಾರೂ ಇತ್ತು. ಆದರೂ 1899ರಲ್ಲಿ ಅಮೆರಿಕದ ಕಾರ್ಖಾನೆಗಳಲ್ಲಿ ಯಂತ್ರ ತಿರುಗಿಸುವ ಶಕ್ತಿಯಲ್ಲಿ ಮೋಟಾರಿನ ಪಾಲು ಶೇ. 5ಕ್ಕೂ ಕಡಿಮೆ. ಯಾಕೆ ಅಂತ ತಿಳಿಯಬೇಕಾದರೆ ಆ ಕಾಲದ ಕಾರ್ಖಾನೆ ಹೇಗಿತ್ತು ಎಂದು ನೋಡಬೇಕು. ಕೆಳಗಡೆ ಒಂದು ದೊಡ್ಡ ಉಗಿಯಂತ್ರ. ಅದರಿಂದ ಶಕ್ತಿ ಒಂದೊಂದೇ ಮಹಡಿಗೆ ಏರುತ್ತಿತ್ತು. ಪ್ರತಿ ಮಹಡಿಯ ಚಾವಣಿಯುದ್ದಕ್ಕೂ ಒಂದು ಕಬ್ಬಿಣದ ದಂಡ ಸದಾ ತಿರುಗುತ್ತಿತ್ತು. ದಂಡದಿಂದ ಕೆಳಗಿನ ಒಂದೊಂದು ಯಂತ್ರಕ್ಕೂ ಚರ್ಮದ ಬೆಲ್ಟ್. ಒಂದೇ ಒಂದು ಯಂತ್ರ ನಡೆಸಬೇಕಿದ್ದರೂ ಇಡೀ ದಂಡ ತಿರುಗಬೇಕು. ಯಾವ ಯಂತ್ರ ಎಲ್ಲಿರಬೇಕು ಎಂಬುದನ್ನು ಕೆಲಸದ ಅನುಕೂಲ ನೋಡಿ ಇಡುವ ಹಾಗಿರಲಿಲ್ಲ, ದಂಡ ಎಲ್ಲಿದೆ ಎಂದು ನೋಡಿ ಇಡಬೇಕಿತ್ತು. ಕಟ್ಟಡ ಹಲವು ಮಹಡಿಯದಾಗಿರುತ್ತಿದ್ದುದಕ್ಕೂ ಒಂದು ಕಾರಣ ಅದೇ.

ವಿದ್ಯುತ್ ಬಂದಾಗ ಮಾಲೀಕರು ಮಾಡಿದ್ದೇನು? ಉಗಿಯಂತ್ರ ಕಿತ್ತು, ಅದೇ ಜಾಗದಲ್ಲಿ ಒಂದು ದೊಡ್ಡ ಮೋಟಾರ್ ಕೂರಿಸಿದರು. ದಂಡ, ಬೆಲ್ಟ್, ಮಹಡಿ ಎಲ್ಲ ಹಾಗೇ ಉಳಿಯಿತು. ಲಾಭವೂ ಅಷ್ಟಕ್ಕಷ್ಟೇ. ಒಂದೊಂದು ಯಂತ್ರಕ್ಕೆ ಅದರದೇ ಪುಟ್ಟ ಮೋಟಾರ್ ಕೊಟ್ಟು, ಕಟ್ಟಡವನ್ನು ನೆಲಮಟ್ಟದಲ್ಲಿ ಉದ್ದಕ್ಕೆ ಹರಡಿ, ಕೆಲಸದ ಕ್ರಮಕ್ಕೆ ತಕ್ಕ ಹಾಗೆ ಯಂತ್ರ ಜೋಡಿಸಿದ ಮೇಲೆಯೇ ಉತ್ಪಾದನೆ ನಿಜವಾಗಿ ಜಿಗಿದದ್ದು. ಆ ಹೊತ್ತಿಗೆ 1920ರ ದಶಕ ಬಂದಿತ್ತು. ಆರ್ಥಿಕ ಇತಿಹಾಸಕಾರ ಪಾಲ್ ಡೇವಿಡ್ 1990ರಲ್ಲಿ ಈ ಕಥೆ ಬಿಡಿಸಿಟ್ಟದ್ದು, ಕಂಪ್ಯೂಟರ್ ಎಲ್ಲೆಡೆ ಇದ್ದರೂ ಅದರ ಲಾಭ ಮಾತ್ರ ಲೆಕ್ಕದಲ್ಲಿ ಯಾಕೆ ಕಾಣುತ್ತಿಲ್ಲ ಎಂದು ಎಲ್ಲರೂ ತಲೆ ಕೆರೆದುಕೊಳ್ಳುತ್ತಿದ್ದಾಗ.

ಈಗಿನ ಬಹಳಷ್ಟು ಆಫೀಸುಗಳು ಇನ್ನೂ ಮೋಟಾರ್ ಬದಲಿಸುವ ಹಂತದಲ್ಲೇ ಇವೆ. ಈ ಕಡೆ ಒಬ್ಬರು ನಾಲ್ಕು ಸಾಲು ಕೊಟ್ಟು ಎಐ ಕೈಲಿ ಹತ್ತು ಪುಟದ ವರದಿ ಬರೆಸುತ್ತಾರೆ. ಆ ಕಡೆ ಇನ್ನೊಬ್ಬರು ಅದೇ ಹತ್ತು ಪುಟವನ್ನು ಎಐಗೆ ಕೊಟ್ಟು ನಾಲ್ಕು ಸಾಲು ಮಾಡಿಸಿಕೊಳ್ಳುತ್ತಾರೆ. ಆ ವರದಿ ಬೇಕಿತ್ತಾ ಅಂತ ಯಾರೂ ಕೇಳಲ್ಲ, ಅಲ್ವಾ?

ಈಗ ನಿಮ್ಮ ಕೆಲಸದ ವಿಷಯ. ನಿಮ್ಮ ಕ್ಷೇತ್ರ ಇಂಥದ್ದೊಂದನ್ನು ಆಗಲೇ ದಾಟಿ ಬಂದಿದೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ತರಗತಿಯಲ್ಲಿ ಕರಿಹಲಗೆಯ ಮೇಲೆ ಲೆಕ್ಕದ ಕೋಷ್ಟಕ ಹಾಕುವಾಗ ಒಂದು ಅಂಕಿ ಬದಲಾದರೆ, ಅದನ್ನು ನೆಚ್ಚಿಕೊಂಡ ಎಲ್ಲ ಅಂಕಿಗಳನ್ನೂ ಒರೆಸಿ ಮತ್ತೆ ಬರೆಯಬೇಕಿತ್ತು. ಅಲ್ಲಿ ಓದುತ್ತಿದ್ದ ಡ್ಯಾನ್ ಬ್ರಿಕ್ಲಿನ್, ಗೆಳೆಯ ಬಾಬ್ ಫ್ರ್ಯಾಂಕ್‌ಸ್ಟನ್ ಜೊತೆ ಸೇರಿ 1979ರಲ್ಲಿ ವಿಸಿಕ್ಯಾಲ್ಕ್ ತಂದರು. ಇವತ್ತು ನೀವು ದಿನವೂ ತೆರೆಯುವ ಸ್ಪ್ರೆಡ್‌ಶೀಟಿನ ಮೂಲ ಅದು. ಒಂದು ಅಂಕಿ ಬದಲಿಸಿದರೆ ಸಾಕು, ಉಳಿದದ್ದೆಲ್ಲ ತಾನೇ ಬದಲಾಯಿತು. ಮುಂದೆ ಅಮೆರಿಕದಲ್ಲಿ ಲೆಕ್ಕದ ಪುಸ್ತಕ ಬರೆಯುವ ಗುಮಾಸ್ತರ ಸಂಖ್ಯೆ ಇಳಿಯಿತು. ಅಕೌಂಟೆಂಟರು, ಹಣಕಾಸು ವಿಶ್ಲೇಷಕರು ಜಾಸ್ತಿಯಾದರು. ಲೆಕ್ಕ ಹಾಕುವುದು ಅಗ್ಗವಾದಾಗ, “ಹೀಗೆ ಮಾಡಿದರೆ ಏನಾಗುತ್ತೆ, ಹಾಗೆ ಮಾಡಿದರೆ?” ಎಂದು ಕೇಳುವವರು ಹೆಚ್ಚಿದರು.

ಆದರೆ ಈ ಕಥೆ ಹೇಳಿ ನಿಮ್ಮನ್ನು ಸುಮ್ನೆ ಸಮಾಧಾನ ಮಾಡಲು ನನಗೆ ಇಷ್ಟವಿಲ್ಲ. ಗುಮಾಸ್ತಗಿರಿ ಕಳೆದುಕೊಂಡವರೇ ವಿಶ್ಲೇಷಕರಾದರು ಎಂದೇನೂ ಇಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2025ರಲ್ಲಿ ಹೇಳಿದ ಪ್ರಕಾರ ಲೋಕದ ನಾಲ್ವರು ದುಡಿಯುವವರಲ್ಲಿ ಒಬ್ಬರ ಕೆಲಸ ಸ್ವಲ್ಪವಾದರೂ ಎಐ ಮಾಡಬಲ್ಲದ್ದು, ಮತ್ತು ಅದರಲ್ಲಿ ಎಲ್ಲರಿಗಿಂತ ಮುಂದಿರುವುದು ಗುಮಾಸ್ತ ವರ್ಗ. ಮಾಡಬಲ್ಲದು ಅಂದರೆ ನಾಳೆಯೇ ಮಾಡಿಬಿಡುತ್ತದೆ ಅಂತಲ್ಲ. ಈಗಿನ ಎಐಗೆ ಅಡಿಪಾಯ ಹಾಕಿದ ವಿಜ್ಞಾನಿಗಳಲ್ಲಿ ಒಬ್ಬರಾದ ಜೆಫ್ರಿ ಹಿಂಟನ್ ಅವರೇ 2016ರಲ್ಲಿ, ಇನ್ನು ಎಕ್ಸ್-ರೇ, ಸ್ಕ್ಯಾನ್ ನೋಡುವ ರೇಡಿಯಾಲಜಿಸ್ಟ್‌ಗಳನ್ನು ತಯಾರು ಮಾಡುವುದು ನಿಲ್ಲಿಸಿ, ಐದು ವರ್ಷದಲ್ಲಿ ಯಂತ್ರವೇ ಮೇಲಾಗುತ್ತದೆ ಎಂದಿದ್ದರು. ರೇಡಿಯಾಲಜಿಸ್ಟ್‌ಗಳಿಗೆ ಇವತ್ತೂ ಬೇಡಿಕೆ ಇದೆ. ಚಿತ್ರ ನೋಡುವುದು ಅವರ ಕೆಲಸದ ಒಂದು ತುಂಡು ಅಷ್ಟೇ.

ಹಾಗೆ ತುಂಡು ಮಾಡಿ ನೋಡಿದರೆ ನಿಮ್ಮ ಕೆಲಸದಲ್ಲೂ ಬಿಲ್ಲು-ರಸೀದಿ ತಾಳೆ ನೋಡುವುದು, ಎಂಟ್ರಿ ಹಾಕುವುದು, ತಿಂಗಳ ಕೊನೆಯ ಪಟ್ಟಿ ಮಾಡುವುದು ಕೈಬಿಟ್ಟು ಹೋಗುವ ತುಂಡುಗಳು. ಈ ಖರ್ಚು ಈ ಸಲ ಇಷ್ಟೇಕೆ ಏರಿತು ಎಂದು ಅನುಮಾನಪಡುವುದು, ಆಡಿಟರ್ ಎದುರು ಕೂತು ಉತ್ತರ ಕೊಡುವುದು, ಸಹಿ ಹಾಕಿ ಹೊಣೆ ಹೊರುವುದು ಉಳಿಯುವ ತುಂಡುಗಳು. ನಿಮಗಿಂತ ನನಗೆ ಜಾಸ್ತಿ ಚಿಂತೆ ಇವತ್ತು ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರದ್ದು. ನಿಮಗೆ ಆ ಅನುಮಾನಪಡುವ ಬುದ್ಧಿ ಬಂದದ್ದೇ ವರ್ಷಗಟ್ಟಲೆ ತಾಳೆ ನೋಡಿ ನೋಡಿ. ಆ ಚಿಲ್ಲರೆ ಕೆಲಸವೇ ಇಲ್ಲವಾದರೆ ಅವರು ಕಲಿಯುವುದು ಎಲ್ಲಿ? ಕಂಪನಿಗಳು ಇದನ್ನು ತಮ್ಮ ತಲೆನೋವು ಎಂದುಕೊಂಡಂತೆ ಕಾಣುತ್ತಿಲ್ಲ.

ಕರೆಂಟ್ ನುಂಗುವ ಮಾತಿಗೆ ಬರೋಣ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಲೆಕ್ಕದಲ್ಲಿ 2024ರಲ್ಲಿ ಲೋಕದ ಡೇಟಾ ಸೆಂಟರ್‌ಗಳೆಲ್ಲ (ಎಐ ಮತ್ತು ಇತರ ಇಂಟರ್ನೆಟ್ ಸೇವೆ ನಡೆಸುವ ಕಂಪ್ಯೂಟರುಗಳ ಕಟ್ಟಡಗಳು) ಸೇರಿ ಬಳಸಿದ್ದು ಸುಮಾರು 415 ಟೆರಾವಾಟ್ ಅವರ್, ಅಂದರೆ ಒಟ್ಟು ವಿದ್ಯುತ್ತಿನ ಶೇ. 1.5ರಷ್ಟು. 2030ಕ್ಕೆ ಇದು ಸುಮಾರು 945 ಆಗಬಹುದು ಎನ್ನುತ್ತಾರೆ. ಏರಿಕೆ ದೊಡ್ಡದೇ, ಆದರೆ ಲೋಕದ ಕರೆಂಟನ್ನೆಲ್ಲ ನುಂಗುವ ಲೆಕ್ಕ ಇದಲ್ಲ. ತನ್ನ ಎಐಗೆ ಬರುವ ಒಂದು ಸಾಮಾನ್ಯ ಪ್ರಶ್ನೆಗೆ 0.24 ವಾಟ್ ಅವರ್ ಸಾಕು ಎಂದು ಗೂಗಲ್ 2025ರಲ್ಲಿ ಹೇಳಿತು. 9 ವಾಟಿನ ಎಲ್‌ಇಡಿ ಬಲ್ಬನ್ನು ಒಂದೂವರೆ ನಿಮಿಷದ ಮೇಲೆ ಚೂರು ಉರಿಸಿದಷ್ಟು. ಒಂದೊಂದು ಪ್ರಶ್ನೆಗೆ ಕರೆಂಟ್ ಕಡಿಮೆ ಸಾಕಾಯಿತು ಎಂದು ಒಟ್ಟು ಖರ್ಚು ಇಳಿಯಲೇಬೇಕೆಂದಿಲ್ಲ. ಉಗಿಯಂತ್ರಕ್ಕೆ ಕಡಿಮೆ ಕಲ್ಲಿದ್ದಲು ಸಾಕಾದಾಗ ಬಳಕೆಯೇ ಹಿಗ್ಗಿ ಒಟ್ಟು ಕಲ್ಲಿದ್ದಲು ಜಾಸ್ತಿ ಉರಿಯಿತು ಎಂದು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜೆವೊನ್ಸ್ 1865ರಲ್ಲೇ ತೋರಿಸಿದ್ದರು.

ನಿಜವಾದ ತೊಡಕು ಇರುವುದು ತಂತಿಯಲ್ಲಿ. ಡೇಟಾ ಸೆಂಟರ್‌ಗಳು ಎಲ್ಲ ಕಡೆ ಸಮನಾಗಿ ಹರಡಿಲ್ಲ. ಐರ್ಲೆಂಡಿನಲ್ಲಿ 2024ರಲ್ಲಿ ಅಳತೆಗೆ ಸಿಕ್ಕ ವಿದ್ಯುತ್ತಿನ ಶೇ. 22ರಷ್ಟು ಅವಕ್ಕೇ ಹೋಯಿತು. ಒಂದು ಡೇಟಾ ಸೆಂಟರ್ ಎದ್ದು ನಿಲ್ಲಲು ಎರಡು ಮೂರು ವರ್ಷ ಸಾಕು. ಶ್ರೀಮಂತ ದೇಶಗಳಲ್ಲೇ ಹೊಸ ಹೈ ಟೆನ್ಷನ್ ಲೈನ್ ಎಳೆಯಲು ನಾಲ್ಕರಿಂದ ಎಂಟು ವರ್ಷ. ದೊಡ್ಡ ಟ್ರಾನ್ಸ್‌ಫಾರ್ಮರ್‌ಗೆ ಇವತ್ತು ಆರ್ಡರ್ ಕೊಟ್ಟರೆ ಕೈಗೆ ಸಿಗಲು ನಾಲ್ಕು ವರ್ಷದವರೆಗೂ ಕಾಯಬೇಕು. ಕಾಯಲಾರದವರು ಇದ್ದದ್ದನ್ನೇ ಹುಡುಕುತ್ತಾರೆ. ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಅಣುವಿದ್ಯುತ್ ಸ್ಥಾವರದಲ್ಲಿ 1979ರ ಅಪಘಾತ ಆದದ್ದು ಎರಡನೇ ಘಟಕದಲ್ಲಿ. ಪಕ್ಕದ ಒಂದನೇ ಘಟಕ 2019ರಲ್ಲಿ ನಷ್ಟದಿಂದ ಬಾಗಿಲು ಹಾಕಿತು. ಅದನ್ನು ಮತ್ತೆ ಶುರು ಮಾಡಿಸಿ 20 ವರ್ಷ ಕರೆಂಟ್ ಕೊಳ್ಳಲು ಮೈಕ್ರೋಸಾಫ್ಟ್ 2024ರಲ್ಲಿ ಒಪ್ಪಂದ ಮಾಡಿಕೊಂಡಿತು.

ಇನ್ನು ಪುಕ್ಕಟೆ ಕರೆಂಟ್. ಈ ಆಸೆ ಹಳೆಯದು. ಅಮೆರಿಕದ ಅಣುಶಕ್ತಿ ಆಯೋಗದ ಅಧ್ಯಕ್ಷರಾಗಿದ್ದ ಲೂಯಿಸ್ ಸ್ಟ್ರಾಸ್ 1954ರಲ್ಲೇ, ಮುಂದಿನ ಪೀಳಿಗೆಗೆ ಮೀಟರ್ ಹಾಕಬೇಕಾಗದಷ್ಟು ಅಗ್ಗದ ಕರೆಂಟ್ ಸಿಗುತ್ತದೆ ಎಂದಿದ್ದರು. ಮೀಟರುಗಳು ಎಲ್ಲೂ ಹೋಗಿಲ್ಲ. ಫ್ಯೂಷನ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. 2022ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಪ್ರಯೋಗಾಲಯದಲ್ಲಿ 2.05 ಮೆಗಾಜೂಲ್ ಲೇಸರ್ ಹೊಡೆದು 3.15 ಮೆಗಾಜೂಲ್ ಪಡೆದರು. ದೊಡ್ಡ ಸಾಧನೆ. ಆದರೆ ಆ ಲೇಸರ್‌ಗಳು ಗ್ರಿಡ್‌ನಿಂದ ಎಳೆದದ್ದು ಸುಮಾರು 300 ಮೆಗಾಜೂಲ್. ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಐಟಿಇಆರ್ ಎಂಬ ದೊಡ್ಡ ಫ್ಯೂಷನ್ ಯಂತ್ರದಿಂದಲೂ ಯಾರ ಮನೆಗೂ ಕರೆಂಟ್ ಬರುವುದಿಲ್ಲ, ಅದು ಪ್ರಯೋಗಕ್ಕೆ ಮಾತ್ರ.

ಸೋಲಾರ್ ಹಾಗಲ್ಲ, ಅದು ಆಗಲೇ ಬಂದುಬಿಟ್ಟಿದೆ. 2010ರಿಂದ ಹತ್ತು ವರ್ಷದಲ್ಲಿ ಪ್ಯಾನೆಲ್ ಬೆಲೆ ಶೇ. 90ರಷ್ಟು ಇಳಿಯಿತು. ಅದರ ಸಮಸ್ಯೆ ಸಂಜೆಯದು. ಕ್ಯಾಲಿಫೋರ್ನಿಯಾದಲ್ಲಿ ಮಧ್ಯಾಹ್ನ ಕರೆಂಟ್ ಮಿಕ್ಕಿ, ಬೆಲೆ ಸೊನ್ನೆಗಿಂತ ಕೆಳಗಿಳಿಯುವುದೂ ಉಂಟು. ಸೂರ್ಯ ಇಳಿಯುವ ಹೊತ್ತಿಗೇ ಜನ ಮನೆಗೆ ಬಂದು ಸ್ವಿಚ್ ಹಾಕುತ್ತಾರೆ. ಆ ಕೆಲವು ಗಂಟೆಗಳ ಕರೆಂಟೇ ದುಬಾರಿ. ಇಲ್ಲಿ ಆಟ ಬದಲಿಸುತ್ತಿರುವುದು ಬ್ಯಾಟರಿ. 2010ರಲ್ಲಿ ಒಂದು ಕಿಲೋವಾಟ್ ಅವರ್ ಹಿಡಿಯುವ ಲಿಥಿಯಂ ಬ್ಯಾಟರಿಗೆ 1,000 ಡಾಲರ್‌ಗಿಂತ ಜಾಸ್ತಿ ಇತ್ತು. 2024ರಲ್ಲಿ ಅದು 115 ಡಾಲರ್. ಅದೇ ವರ್ಷ ಕ್ಯಾಲಿಫೋರ್ನಿಯಾದ ಬ್ಯಾಟರಿಗಳ ಸಾಮರ್ಥ್ಯ 10 ಗಿಗಾವಾಟ್ ದಾಟಿತು. ಹೀಗಾಗಿ ಕರೆಂಟ್ ಪುಕ್ಕಟೆ ಆಗುವುದಿಲ್ಲ. ಬಿಸಿಲಿರುವಾಗ ತೀರಾ ಅಗ್ಗ, ಕತ್ತಲಾದ ಮೇಲೆ ದುಬಾರಿ, ಆ ಅಂತರ ನಿಧಾನವಾಗಿ ಕಿರಿದಾಗುತ್ತದೆ. ಯಾವ ಹೊತ್ತಿಗೆ ಯಂತ್ರ ನಡೆಸಬೇಕು ಎಂದು ಕಾರ್ಖಾನೆಗಳು ಯೋಚಿಸತೊಡಗಿದರೆ ಪಾಳಿಯ ಸಮಯವೂ ಬದಲಾಗಬಹುದು. ಮೂರನೇ ಲೇಖನದಲ್ಲಿ ಈ ಮಾತು ಬಂದಿದ್ದರೆ ಚೆನ್ನಾಗಿತ್ತು.

ಮಗಳ ವಿಷಯ. ಇಂಥದ್ದೇ ಓದಲಿ ಎಂದು ಹೇಳುವಷ್ಟು ಧೈರ್ಯ ನನಗಿಲ್ಲ. ಲೈನ್ ಎಳೆಯುವುದು, ಸಬ್‌ಸ್ಟೇಷನ್ ನಡೆಸುವುದು, ಬ್ಯಾಟರಿ ಜೋಡಿಸುವುದು, ಗ್ರಿಡ್‌ನ ಲೆಕ್ಕ ನೋಡುವುದು, ಇವಕ್ಕೆಲ್ಲ ಜನ ಬೇಕೇ ಬೇಕು, ಮತ್ತು ಈ ಕೆಲಸಗಳನ್ನು ಪರದೆಯ ಮೇಲಷ್ಟೇ ಮುಗಿಸಲು ಆಗುವುದಿಲ್ಲ. ಬರೀ ಕೋಡ್ ಬರೆಯುವುದನ್ನೇ ನೆಚ್ಚಿಕೊಳ್ಳುವುದಕ್ಕಿಂತ ಇದರ ಕಡೆ ಒಲವಿದ್ದರೆ ತಡೆಯಬೇಡಿ ಎಂಬಷ್ಟು ಹೇಳಬಲ್ಲೆ. ಆದರೆ ಇಷ್ಟುದ್ದದ ಪತ್ರದಲ್ಲಿ ಮಗಳಿಗೆ ಏನು ಇಷ್ಟ ಎಂದು ನೀವು ಒಂದು ಕಡೆಯೂ ಬರೆದಿಲ್ಲ. ಮುಂದಿನ ಸಲ ಬರೆಯಿರಿ. ಮಗಳೇ ಬರೆದರೆ ಇನ್ನೂ ಒಳ್ಳೆಯದು, ಆ ಪತ್ರವನ್ನು ಪೂರ್ತಿ ಹಾಕುತ್ತೇವೆ.

– ಸಂಪಾದಕ