ಓದುಗರ ಪ್ರಶ್ನೆ, ನಮ್ಮ ಉತ್ತರ: ಬರೆದು ಬದುಕುವವರ ಕೈಬಿಗಿಯ ಲೆಕ್ಕ

ಪ್ರಶ್ನೆ: ನೌಕರಿ ಬಿಟ್ಟು ಎರಡು ವರ್ಷಗಳಿಂದ ಪೂರ್ಣಾವಧಿ ಫ್ರೀಲಾನ್ಸ್ ಬರಹಗಾರನಾಗಿದ್ದೇನೆ. ಲೇಖನ, ಅನುವಾದ, ಜಾಹೀರಾತಿನ ಬರಹ, ಹೀಗೆ ಬಂದದ್ದನ್ನೆಲ್ಲ ಒಪ್ಪಿಕೊಳ್ಳುತ್ತೇನೆ. ದುಂದು ಮಾಡುವ ಸ್ವಭಾವ ನನ್ನದಲ್ಲ. ಬಟ್ಟೆ, ಪ್ರವಾಸ, ಹೊರಗಿನ ಊಟ ಎಲ್ಲದರಲ್ಲೂ ಕೈ ಬಿಗಿ ಹಿಡಿದಿದ್ದೇನೆ. ಆದರೂ ಒಂದು ತಿಂಗಳು ಕೈತುಂಬ ಹಣ, ಮರುತಿಂಗಳು ಕೈಸಾಲ. ಇನ್ನು ಯಾವುದನ್ನು ಕಡಿಮೆ ಮಾಡಬೇಕು?

ಉತ್ತರ: ಸದ್ಯಕ್ಕೆ ಯಾವುದನ್ನೂ ಕಡಿಮೆ ಮಾಡಬೇಡಿ, ಮೊದಲು ಲೆಕ್ಕ ಇಡುವ ಕ್ರಮವನ್ನು ಬದಲಿಸಿಕೊಳ್ಳಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ನಮ್ಮ ಹಾಸಿಗೆಯ ಉದ್ದವೋ ತಿಂಗಳಿಗೊಂದು ಬಗೆಯದು. ಅದನ್ನು ಒಂದೇ ಅಳತೆಗೆ ತಂದುಕೊಳ್ಳದೆ ಕಾಲು ಎಷ್ಟು ಮಡಿಚಿದರೂ ಚಳಿ ತಪ್ಪುವುದಿಲ್ಲ.

ನಿಮ್ಮ ಮನೆಯ ತಿಂಗಳ ಖರ್ಚು 100 ಪಾಲು ಎಂದಿಟ್ಟುಕೊಳ್ಳಿ. ಆರು ತಿಂಗಳಲ್ಲಿ ಕ್ರಮವಾಗಿ 180, 40, 0, 150, 60, 110 ಪಾಲು ವರಮಾನ ಬಂತು ಎನ್ನೋಣ. ಮೊದಲ ತಿಂಗಳು 80 ಪಾಲು ಮಿಕ್ಕಿತೆಂಬ ಸಂತೋಷದಲ್ಲಿ ಬಹುದಿನದಿಂದ ಮುಂದೂಡುತ್ತ ಬಂದಿದ್ದ ವಸ್ತುವೊಂದನ್ನು ಕೊಳ್ಳುವುದು ಸಹಜ. ಆದರೆ ಆರೂ ತಿಂಗಳನ್ನು ಕೂಡಿಸಿದರೆ ಬಂದದ್ದು 540, ಅಂದರೆ ತಿಂಗಳಿಗೆ ಸರಾಸರಿ 90. ಹೆಚ್ಚಿನದೇನನ್ನೂ ಕೊಳ್ಳದಿದ್ದರೂ ಆ ಅರ್ಧ ವರ್ಷದಲ್ಲಿ ನಿಮಗೆ 60 ಪಾಲು ಕೊರತೆಯಿತ್ತು. ಕೈತುಂಬ ಹಣ ಬಂದ ತಿಂಗಳಿನಲ್ಲೇ ಆ ಕೊರತೆ ಅಡಗಿ ಕುಳಿತಿತ್ತು; ನಿಮ್ಮ ಕೈಸಾಲದ ಮೂಲವೂ ಬಹುಶಃ ಇದೇ ಇರಬೇಕು.

ಆದ್ದರಿಂದ ಎರಡು ಬ್ಯಾಂಕ್ ಖಾತೆಗಳನ್ನು ಇಟ್ಟುಕೊಳ್ಳಿ. ಸಂಭಾವನೆ ಎಲ್ಲಿಂದ ಬಂದರೂ ಮೊದಲನೆಯ ಖಾತೆಗೇ ಬೀಳಲಿ. ಅಲ್ಲಿಂದ ತೆರಿಗೆಯ ಪಾಲನ್ನು ಮೊದಲೇ ಬದಿಗಿಟ್ಟು, ಪ್ರತಿ ತಿಂಗಳು ಒಂದೇ ತಾರೀಖಿನಂದು ಒಂದೇ ಮೊತ್ತವನ್ನು ಮನೆಖರ್ಚಿನ ಖಾತೆಗೆ ಸಂಬಳದಂತೆ ವರ್ಗಾಯಿಸಿಕೊಳ್ಳಿ. ಆ ಮೊತ್ತವು ಹಿಂದಿನ ಒಂದು ವರ್ಷದ ಸರಾಸರಿಗಿಂತ ತುಸು ಕೆಳಗಿರಬೇಕು. ಮೇಲಿನ ಲೆಕ್ಕದಲ್ಲಾದರೆ 85. ಹಾಗೆಂದರೆ 100ರ ಖರ್ಚನ್ನು 85ಕ್ಕೆ ಇಳಿಸಲೇಬೇಕು, ಅಥವಾ ಅಷ್ಟರ ಮಟ್ಟಿಗೆ ಗಳಿಕೆ ಹೆಚ್ಚಬೇಕು. ಎಷ್ಟು ಕಡಿಮೆ ಮಾಡಬೇಕೆಂಬ ನಿಮ್ಮ ಪ್ರಶ್ನೆಗೆ ಉತ್ತರ ಸಿಗುವುದು ಈ ಹಂತದಲ್ಲಿ, ಅದೂ ಅಂಕಿಯ ರೂಪದಲ್ಲಿ. 180 ಬಂದ ತಿಂಗಳೂ 85 ಮಾತ್ರ, ಏನೂ ಬಾರದ ತಿಂಗಳೂ 85. ಆರಂಭದಲ್ಲಿ ಮೊದಲನೆಯ ಖಾತೆಯಲ್ಲಿ ಗಟ್ಟಿ ಮೊತ್ತ ಇಲ್ಲದಿರುವುದರಿಂದ, ಈ ಪದ್ಧತಿಯನ್ನು ದೊಡ್ಡ ಮೊತ್ತ ಬಂದ ತಿಂಗಳಲ್ಲೇ ಶುರು ಮಾಡುವುದು ಒಳ್ಳೆಯದು.

ವರ್ಷಕ್ಕೊಮ್ಮೆ ಎದುರಾಗುವ ಖರ್ಚುಗಳನ್ನೂ ಮರೆಯಬೇಡಿ. ವಿಮೆಯ ಕಂತು, ಸಾಫ್ಟ್‌ವೇರ್ ಚಂದಾ, ಜಾಲತಾಣದ ನವೀಕರಣ, ಕಂಪ್ಯೂಟರಿನ ರಿಪೇರಿ ಇವುಗಳನ್ನು ನಾವು ಅನಿರೀಕ್ಷಿತ ಖರ್ಚು ಎನ್ನುತ್ತೇವಾದರೂ ಇವುಗಳಲ್ಲಿ ಹೆಚ್ಚಿನವು ತಾರೀಖು ಹೇಳಿಯೇ ಬರುತ್ತವೆ. ಒಂದು ಹಾಳೆಯಲ್ಲಿ ಅವನ್ನೆಲ್ಲ ಬರೆದು, ಒಟ್ಟು ಮೊತ್ತವನ್ನು 12ರಿಂದ ಭಾಗಿಸಿ, ಅಷ್ಟನ್ನು ತಿಂಗಳು ತಿಂಗಳೂ ತೆಗೆದಿಡಿ. ಪಟ್ಟಿ ಬರೆಯುವಾಗಲೇ ತಿಂಗಳುಗಟ್ಟಲೆ ತೆರೆದೂ ನೋಡದ ಒಂದೆರಡು ಚಂದಾಗಳು ಕಣ್ಣಿಗೆ ಬೀಳುತ್ತವೆ; ಅವನ್ನು ಅಂದೇ ರದ್ದು ಮಾಡಿ.

ಇನ್ನು ನಮ್ಮ ವೃತ್ತಿಯ ನಿಜವಾದ ದುಂದು ನಡೆಯುವುದು ಹಣದಲ್ಲಿ ಅನ್ನುವುದಕ್ಕಿಂತ ಹೊತ್ತಿನಲ್ಲಿ. ಒಂದು ಲೇಖನಕ್ಕೆ 12 ಪಾಲು ಸಂಭಾವನೆ, ಮುಗಿಸಲು 4 ಗಂಟೆ. ಇನ್ನೊಂದಕ್ಕೆ 20 ಪಾಲು, ಆದರೆ ಫೋನು, ಮೂರು ಸಲ ತಿದ್ದುಪಡಿ, ಕೊನೆಯ ಗಳಿಗೆಯಲ್ಲಿ ಬದಲಾದ ಶೀರ್ಷಿಕೆ ಎಲ್ಲ ಸೇರಿ 16 ಗಂಟೆ. ಮೊದಲನೆಯದರಲ್ಲಿ ಗಂಟೆಗೆ 3 ಪಾಲು ಬಂದರೆ, ದೊಡ್ಡದೆಂದು ನಾವು ಹಿಗ್ಗಿದ ಎರಡನೆಯದರಲ್ಲಿ ಒಂದೂಕಾಲು ಪಾಲು. ಒಂದು ತಿಂಗಳ ಕಾಲ ನೋಟ್‌ಬುಕ್ಕಿನಲ್ಲಿ ಪ್ರತಿ ಕೆಲಸದ ಮುಂದೆ ಶುರುವಾದ ವೇಳೆ, ಮುಗಿದ ವೇಳೆಗಳನ್ನು ಬರೆದಿಡಿ. ಯಾವ ಕೆಲಸವನ್ನು ಬಿಡಬೇಕು, ಯಾವುದಕ್ಕೆ ದರ ಏರಿಸಿ ಕೇಳಬೇಕು ಎಂಬುದು ಆ ಪುಟಗಳಲ್ಲೇ ಕಾಣುತ್ತದೆ. ಹಾಗೆಯೇ ಒಂದು ಲೇಖನಕ್ಕೆಂದು ಓದಿ ಮಾಡಿಕೊಂಡ ಟಿಪ್ಪಣಿಯನ್ನು ಅಲ್ಲಿಗೇ ಬಿಟ್ಟುಬಿಡದೆ, ಬೇರೆ ಕೋನದಿಂದ ಇನ್ನೊಂದು ಬರಹಕ್ಕೆ ಬಳಸಬಹುದು. ಬರಹವನ್ನೇ ಮತ್ತೆ ಪ್ರಕಟಿಸುವುದಾದರೆ ಮಾತ್ರ, ನೀವು ಕೊಟ್ಟದ್ದು ಮೊದಲ ಪ್ರಕಟಣೆಯ ಹಕ್ಕನ್ನೋ ಸಂಪೂರ್ಣ ಹಕ್ಕನ್ನೋ ಎಂದು ಒಪ್ಪಂದದಲ್ಲಿ ನೋಡಿಕೊಳ್ಳಬೇಕಾಗುತ್ತದೆ.

ಬರಬೇಕಾದ ಹಣವನ್ನು ವಸೂಲು ಮಾಡುವುದೂ ಮಿತವ್ಯಯದ ಒಂದು ಭಾಗ. ನನ್ನದೊಂದು ಲೇಖನದ ಸಂಭಾವನೆ ಏಳು ತಿಂಗಳಾದರೂ ಬರಲಿಲ್ಲವೆಂದು ಕಂಡಕಂಡವರೆದುರು ಗೊಣಗಿದ ಮೇಲೆ, ಕೊನೆಗೆ ಧೈರ್ಯ ಮಾಡಿ ವಿಚಾರಿಸಿದೆ. ಬಿಲ್ಲನ್ನು ನಾನು ಕಳಿಸಿಯೇ ಇರಲಿಲ್ಲ! ಅಂದಿನಿಂದ ಬರಹದ ಜೊತೆಗೇ ಬಿಲ್ಲನ್ನೂ ಕಳಿಸುತ್ತೇನೆ. ಅದರಲ್ಲಿ ಕ್ರಮಸಂಖ್ಯೆ, ಮೊತ್ತ, ಖಾತೆಯ ವಿವರ, ಹಣ ಪಾವತಿಯಾಗಬೇಕಾದ ಕೊನೆಯ ದಿನ ಇಷ್ಟೂ ಇರುತ್ತವೆ.

ಪ್ರಶ್ನೆ: ನನ್ನ ಲ್ಯಾಪ್‌ಟಾಪಿಗೆ ಆರು ವರ್ಷವಾಗಿದೆ, ತೀರಾ ನಿಧಾನ. ಅದು ದುಡಿಮೆಯ ಸಾಧನವಾದ್ದರಿಂದ ಕಂತಿನಲ್ಲಾದರೂ ಸರಿ, ಒಳ್ಳೆಯದನ್ನೇ ಕೊಳ್ಳಬೇಕೆಂದು ಗೆಳತಿಯರು ಹೇಳುತ್ತಾರೆ. ಸಾಲ ಮಾಡಬಹುದೇ?

ಉತ್ತರ: ಗೆಳತಿಯರ ಮಾತು ವಿಡಿಯೊ ಸಂಕಲನ ಮಾಡುವವರಿಗೆ ಒಪ್ಪುತ್ತದೆ. ಅಕ್ಷರ ಟೈಪು ಮಾಡುವುದಕ್ಕೆ ಕಂಪ್ಯೂಟರಿನ ಶಕ್ತಿಯ ಅಲ್ಪ ಅಂಶ ಸಾಕು. ನಿಮ್ಮದರಲ್ಲಿ ಹಳೆಯ ಬಗೆಯ, ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಅದರ ಬದಲು, ತಿರುಗುವ ಭಾಗಗಳಿಲ್ಲದ ವೇಗದ ಸಂಗ್ರಹ ಸಾಧನವಾದ ಎಸ್‌ಎಸ್‌ಡಿ ಹಾಕಿಸಿ. ಸಾಧ್ಯವಿದ್ದಲ್ಲಿ ಕಂಪ್ಯೂಟರಿನ ತಾತ್ಕಾಲಿಕ ನೆನಪಾದ ರ‍್ಯಾಮ್ ಹೆಚ್ಚಿಸಿ. ಹೊಸದರ ಬೆಲೆಯ ಸಣ್ಣದೊಂದು ಭಾಗದಲ್ಲಿ ಇವೆರಡೂ ಮುಗಿಯುತ್ತವೆ, ನಿಧಾನದ ದೂರು ಬಹುಮಟ್ಟಿಗೆ ನೀಗುತ್ತದೆ. ಪದಸಂಸ್ಕರಣೆಗೆ ಉಚಿತವಾಗಿ ಸಿಗುವ, 2010ರಿಂದ ಬೆಳೆದುಬಂದಿರುವ ಲಿಬ್ರೆಆಫೀಸ್ ಸಾಕು. ಹಳೆಯ ಪುಸ್ತಕಗಳ ಆಕರಕ್ಕಾದರೆ 1971ರಲ್ಲಿ ಆರಂಭವಾದ ಪ್ರಾಜೆಕ್ಟ್ ಗುಟೆನ್‌ಬರ್ಗ್ ಮತ್ತು 1996ರ ಇಂಟರ್‌ನೆಟ್ ಆರ್ಕೈವ್ ಎಂಬ ಉಚಿತ ಡಿಜಿಟಲ್ ಗ್ರಂಥಾಲಯಗಳಿವೆ.

ಆದರೆ ಎರಡು ಕಡೆ ಜಿಪುಣತನ ಸಲ್ಲದು. ಒಂದು, ಕುರ್ಚಿ. ಬೆನ್ನುನೋವಿನಿಂದ ಒಂದು ವಾರ ಮಲಗಿದರೆ ಆ ವಾರದ ಸಂಭಾವನೆಯನ್ನು ನಮಗೆ ಕೊಡುವವರು ಯಾರೂ ಇಲ್ಲ. ಇನ್ನೊಂದು, ಬರಹದ ಪ್ರತಿ. ಮೂರು ಪ್ರತಿ, ಎರಡು ಬಗೆಯ ಸಾಧನ, ಅವುಗಳಲ್ಲೊಂದು ಮನೆಯ ಹೊರಗೆ ಎಂಬುದು ಕಂಪ್ಯೂಟರ್ ಬಲ್ಲವರು ಪಾಲಿಸುವ ನಿಯಮ. ಲ್ಯಾಪ್‌ಟಾಪ್, ಬಾಹ್ಯ ಡಿಸ್ಕ್, ಕ್ಲೌಡ್ (ಅಂತರ್ಜಾಲದಲ್ಲಿನ ಸಂಗ್ರಹ) ಇದ್ದರೆ ನಿಯಮ ಪೂರೈಸಿದಂತಾಯಿತು. ಸಾಲ ಬೇಡ, ಮೇಲೆ ಹೇಳಿದ ಹನ್ನೆರಡನೆಯ ಒಂದು ಪಾಲಿನ ಹಾಳೆಯಲ್ಲಿ ಮುಂದಿನ ಲ್ಯಾಪ್‌ಟಾಪಿನ ಹೆಸರನ್ನೂ ಇಂದೇ ಸೇರಿಸಿ.

ಪ್ರಶ್ನೆ: ಪ್ರಚಾರ ಸಿಗುತ್ತದೆ, ಸಂಭಾವನೆ ಇಲ್ಲ ಎನ್ನುವವರಿಗೆ ಬರೆದುಕೊಡುವುದೂ ದುಂದುವೆಚ್ಚವೇ?

ಉತ್ತರ: ನೀವು ಒಪ್ಪುವ ಉದ್ದೇಶಕ್ಕಾಗಿ ಬರೆದುಕೊಟ್ಟರೆ ಅದು ದಾನ, ವರ್ಷಕ್ಕೆ ಎಷ್ಟು ದಾನ ಮಾಡಬಲ್ಲಿರೆಂದು ಮೊದಲೇ ನಿರ್ಧರಿಸಿಕೊಳ್ಳಿ. ಪ್ರಚಾರದ ಆಸೆಗೆ ಬರೆಯುವುದಾದರೆ ಅದನ್ನು ಖರ್ಚೆಂದೇ ಬರೆದುಕೊಂಡು, ಆ ಬರಹ ನೋಡಿ ಕೆಲಸ ಕೊಟ್ಟವರು ಯಾರಾದರೂ ಇದ್ದಾರೆಯೇ ಎಂದು ಆರು ತಿಂಗಳ ಬಳಿಕ ಹಿಂದಿರುಗಿ ನೋಡಿ. ನನ್ನ ನೋಟ್‌ಬುಕ್ಕಿನ ಆ ಪುಟದಲ್ಲಿ ಈವರೆಗೆ ಇರುವುದು ಒಂದೇ ಹೆಸರು. ಅವರೂ ಇನ್ನೊಂದು ಉಚಿತ ಲೇಖನವನ್ನೇ ಕೇಳಿದ್ದರು.