ಕಾಲುಚೀಲ ಹೆಣೆದು ಉಳಿದ ಉಲ್ಲನ್, ಮಗುವಿಗೆ ಸ್ವೆಟರ್ ಮತ್ತು ಕುಲಾವಿ: ನಿಮ್ಮ ಪ್ರಶ್ನೆ, ನನ್ನ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪತ್ರಗಳು ಒಂದೇ ವಿಷಯದ್ದು. ಕಾಲುಚೀಲ ಹೆಣೆದ ಮೇಲೆ ಉಳಿಯುವ ಚಿಕ್ಕ ಚಿಕ್ಕ ಉಂಡೆಗಳನ್ನು ಏನು ಮಾಡುವುದು? ನನಗೆ ಬಹಳ ಇಷ್ಟದ ಕೆಲಸ ಇದು. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು, ಈ ಪುಟವನ್ನು ಪೂರ್ತಿ ಇದಕ್ಕೇ ಕೊಟ್ಟಿದ್ದೇನೆ.

ಅಕ್ಕ, ಕಾಲುಚೀಲದ ನೂಲಿನಲ್ಲಿ ನೈಲಾನ್ ಸೇರಿರುತ್ತದೆ. ಎಳೆ ಮಗುವಿನ ಮೈಗೆ ಅದು ಆಗುತ್ತದೆಯೇ? – ಮೊದಲ ಸಲ ಅಜ್ಜಿಯಾಗುತ್ತಿರುವವಳು

ಆಗುತ್ತದೆ. ಸಾಮಾನ್ಯವಾಗಿ ಈ ನೂಲಿನಲ್ಲಿ 75 ಭಾಗ ಉಣ್ಣೆ, 25 ಭಾಗ ನೈಲಾನ್ ಇರುತ್ತದೆ. ಹಿಮ್ಮಡಿ ಬೇಗ ಸವೆಯದಿರಲಿ ಎಂದು ನೈಲಾನ್ ಸೇರಿಸುತ್ತಾರೆ. ಅಂಬೆಗಾಲಿಡುವ ಮಗುವಿನ ಮೊಣಕೈಗೂ ಅದು ಉಪಯೋಗವೇ. ಇನ್ನೊಂದು ಅನುಕೂಲವೂ ಇದೆ. ಈ ನೂಲುಗಳಲ್ಲಿ ಹೆಚ್ಚಿನವು 'ಸೂಪರ್‌ವಾಶ್'. ಉಣ್ಣೆಯ ಎಳೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಹುರುಪೆಗಳಿರುತ್ತವೆ. ಬಿಸಿನೀರಿನಲ್ಲಿ ಉಜ್ಜಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ದಪ್ಪಗಟ್ಟುತ್ತದೆ. ಸೂಪರ್‌ವಾಶ್ ನೂಲಿನಲ್ಲಿ ಆ ಹುರುಪೆಗಳನ್ನು ಸವೆಸಿರುತ್ತಾರೆ ಅಥವಾ ಅವುಗಳ ಮೇಲೆ ತೆಳು ಲೇಪ ಕೊಟ್ಟಿರುತ್ತಾರೆ. ಮಗುವಿನ ಬಟ್ಟೆ ದಿನಾ ಒದ್ದೆಯಾಗುತ್ತದೆ, ದಿನಾ ಒಗೆಯಬೇಕಾಗುತ್ತದೆ. ಅದಕ್ಕೆ ಇದಕ್ಕಿಂತ ಒಳ್ಳೆಯ ನೂಲು ಸುಲಭಕ್ಕೆ ಸಿಗದು.

ಚುಚ್ಚುತ್ತದೆಯೇ ಎನ್ನುವುದನ್ನು ಮಾತ್ರ ನೀವೇ ನೋಡಬೇಕು. ಕೈಬೆರಳಿಗೆ ಅದು ಗೊತ್ತಾಗುವುದಿಲ್ಲ. ಉಂಡೆಯನ್ನು ನಿಮ್ಮ ಕುತ್ತಿಗೆಗೆ, ಕಿವಿಯ ಕೆಳಗೆ ಒಂದೆರಡು ನಿಮಿಷ ಒತ್ತಿ ಹಿಡಿಯಿರಿ. ಅಲ್ಲಿ ಕಿರಿಕಿರಿ ಅನ್ನಿಸಿದ ನೂಲು ಮಗುವಿನ ಕುತ್ತಿಗೆಗೆ ಬೇಡ. ಅದನ್ನು ಸ್ವೆಟರಿನ ಕೆಳಗಿನ ಪಟ್ಟೆಗಳಿಗೆ ಹಾಕಿ. ಅಲ್ಲಿ ಒಳಗೊಂದು ಹತ್ತಿಯ ಅಂಗಿ ಇದ್ದೇ ಇರುತ್ತದೆ.

ಒಂದು ಸ್ವೆಟರಿಗೆ ಎಷ್ಟು ನೂಲು ಬೇಕು? ಅರ್ಧಕ್ಕೆ ಮುಗಿದುಹೋದರೆ ಎಂಬ ಭಯಕ್ಕೆ ಶುರುವನ್ನೇ ಮಾಡಿಲ್ಲ.

ಅಡುಗೆಮನೆಯ ಡಿಜಿಟಲ್ ತಕ್ಕಡಿ ತನ್ನಿ, ಭಯ ಹೋಗುತ್ತದೆ. 100 ಗ್ರಾಂ ಉಂಡೆಯಲ್ಲಿ ಸುಮಾರು 400 ಮೀಟರ್ ನೂಲಿರುತ್ತದೆ. ದೊಡ್ಡವರ ಒಂದು ಜೊತೆ ಕಾಲುಚೀಲಕ್ಕೆ 60ರಿಂದ 70 ಗ್ರಾಂ ಹೋಗುತ್ತದೆ. ಉಳಿದದ್ದು 30–40 ಗ್ರಾಂ. ಆರು ತಿಂಗಳ ಮಗುವಿನ ಸ್ವೆಟರಿಗೆ ಒಟ್ಟು 100 ಗ್ರಾಂ ಇಟ್ಟುಕೊಂಡರೆ ಸಾಕು. ಪೂರ್ತಿ ಗಾರ್ಟರ್ ಹೆಣಿಗೆಯಾದರೆ (ಹೋಗುವ, ಬರುವ ಎಲ್ಲ ಸಾಲಿನಲ್ಲೂ ನೇರ ಹೆಣಿಗೆಯೇ ಹಾಕುವುದು) ಇನ್ನೂ ಸ್ವಲ್ಪ ಜಾಸ್ತಿ ಇರಲಿ. ಕುಲಾವಿಗೆ 20ರಿಂದ 25 ಗ್ರಾಂ ಸಾಕು. ಅಂದರೆ ಮೂರು ಜೊತೆ ಕಾಲುಚೀಲದಲ್ಲಿ ಉಳಿದದ್ದರಲ್ಲಿ ಒಂದು ಸ್ವೆಟರ್ ಆಗುತ್ತದೆ. ನಾಲ್ಕನೆಯದು ಕುಲಾವಿಗೆ.

ಒಂದೊಂದು ಬಣ್ಣ ಎಷ್ಟು ಸಾಲು ಬರುತ್ತದೆ ಎಂದು ತಿಳಿಯಲು ಉಂಡೆ ತೂಗಿ, 10 ಸಾಲು ಹೆಣೆದು, ಮತ್ತೆ ತೂಗಿ. 3 ಗ್ರಾಂ ಕಡಿಮೆಯಾಯಿತು ಅಂದುಕೊಳ್ಳಿ. 12 ಗ್ರಾಂ ಉಂಡೆಯಲ್ಲಿ ಸುಮಾರು 40 ಸಾಲು ಬರುತ್ತದೆ. ಆದರೆ 36ಕ್ಕೇ ಬಣ್ಣ ಬದಲಿಸಿ, ಏಕೆಂದರೆ ತಕ್ಕಡಿ ಒಂದು ಗ್ರಾಂ ಆಚೀಚೆ ತೋರಿಸಬಹುದು.

ಎರಡು ತೋಳುಗಳೂ ಒಂದೇ ಥರ ಬರಬೇಕೆಂದಿದ್ದರೆ, ತೋಳು ಶುರು ಮಾಡುವ ಮುಂಚೆಯೇ ಪ್ರತಿ ಉಂಡೆಯನ್ನೂ ತೂಗಿ ಸರಿಯಾಗಿ ಎರಡು ಪಾಲು ಮಾಡಿ.

ನನ್ನ ಬುಟ್ಟಿಯಲ್ಲಿ ಕಿತ್ತಳೆ, ನೇರಳೆ, ಗಿಳಿಹಸಿರು, ಕಂದು, ಚುಕ್ಕೆ ಚುಕ್ಕೆ ಗುಲಾಬಿ ಎಲ್ಲ ಇವೆ. ಒಂದಕ್ಕೊಂದು ಹೊಂದುವುದೇ ಇಲ್ಲ. ಎಲ್ಲ ಸೇರಿಸಿದರೆ ಗೊಂದಲವಾಗಿ ಕಾಣುವುದಿಲ್ಲವೇ? – ಬಣ್ಣಕ್ಕೆ ಹೆದರುವವಳು

ಹೆದರಬೇಡಿ. ನಿಮ್ಮ ಪತ್ರ ಓದಿ ನನಗೆ ಸಂತೋಷವೇ ಆಯಿತು, ಇಷ್ಟು ಬಣ್ಣ ಒಂದೇ ಬುಟ್ಟಿಯಲ್ಲಿ! ಹೊಂದುವ ಬಣ್ಣಗಳನ್ನೇ ಹುಡುಕುತ್ತ ಕೂತರೆ ಉಳಿದ ನೂಲು ಉಳಿದೇ ಇರುತ್ತದೆ. ಬಣ್ಣಗಳು ಒಂದಕ್ಕೊಂದು ಹೊಂದಲೇಬೇಕೆಂದಿಲ್ಲ. ಅವನ್ನೆಲ್ಲ ಕಟ್ಟಿ ಹಿಡಿಯುವ ಒಂದು ಬಣ್ಣ ಇದ್ದರೆ ಸಾಕು.

ಆ ಒಂದು ಬಣ್ಣವನ್ನು ಮೊದಲು ಆರಿಸಿ. ಕೆನೆಬಿಳಿ, ಬೂದು, ಕಡುನೀಲಿ, ಯಾವುದಾದರೂ ಸರಿ. ಅದು 25ರಿಂದ 30 ಗ್ರಾಂ ಇರಬೇಕು. ಕುತ್ತಿಗೆಯ ಪಟ್ಟಿ, ತೋಳಿನ ತುದಿ, ಕೆಳಗಿನ ಅಂಚು, ಗುಂಡಿಪಟ್ಟಿ ಈ ನಾಲ್ಕೂ ಅದೇ ಬಣ್ಣದಲ್ಲಿರಲಿ. ಅಂಚು ಒಂದೇ ಆದಾಗ ನಡುವಿನ ಬಣ್ಣಗಳು ಎಷ್ಟೇ ಕುಣಿದರೂ ಬೇಕೆಂದೇ ಹಾಗೆ ಮಾಡಿದ್ದಾರೆ ಅನ್ನಿಸುತ್ತದೆ. ಆ ಬಣ್ಣ 50 ಗ್ರಾಂ ಇದ್ದರೆ ಇನ್ನೂ ಒಳ್ಳೆಯದು. ಎರಡು ಸಾಲು ಅದು, ಎರಡು ಸಾಲು ಬುಟ್ಟಿಯ ಬಣ್ಣ, ಹೀಗೇ ಕೊನೆಯವರೆಗೆ ಹೋಗಿ. ನಿಮ್ಮ ಗಿಳಿಹಸಿರು ಮತ್ತು ನೇರಳೆ ಪಕ್ಕಪಕ್ಕದಲ್ಲಿ ಬರುವುದೇ ಇಲ್ಲ. ಇಬ್ಬರ ನಡುವೆ ಯಾವಾಗಲೂ ಒಂದು ಶಾಂತ ಸಾಲು ಇರುತ್ತದೆ.

ಕಟ್ಟಿ ಹಿಡಿಯುವ ಬಣ್ಣ ಅಷ್ಟು ಇಲ್ಲವೇ? ಹಾಗಾದರೆ ಉಂಡೆಗಳನ್ನು ಸಾಲಾಗಿ ಇಟ್ಟು ಮೊಬೈಲಿನಲ್ಲಿ ಕಪ್ಪುಬಿಳುಪು ಫೋಟೊ ತೆಗೆಯಿರಿ. ಯಾವುದು ತಿಳಿ, ಯಾವುದು ಗಾಢ ಎಂದು ಆಗ ಸರಿಯಾಗಿ ಕಾಣುತ್ತದೆ. ಬಣ್ಣ ಕಣ್ಣನ್ನು ಮೋಸ ಮಾಡುತ್ತದೆ. ಕಿತ್ತಳೆ ಮತ್ತು ಗಿಳಿಹಸಿರು ಬೇರೆ ಬೇರೆ ಅನ್ನಿಸಿದರೂ ಆ ಫೋಟೊದಲ್ಲಿ ಹೆಚ್ಚು ಕಡಿಮೆ ಒಂದೇ ಬೂದು ಆಗಿ ಕಾಣಬಹುದು. ಈಗ ಕುತ್ತಿಗೆಯ ಹತ್ತಿರ ತಿಳಿಯದ್ದು, ಕೆಳಗೆ ಗಾಢವಾದದ್ದು ಎಂದು ಜೋಡಿಸಿ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಒಮ್ಮೆಗೇ ಬದಲಿಸದೆ, ಎರಡು ಸಾಲು ಹಳೆಯದು ಎರಡು ಸಾಲು ಹೊಸದು ಎಂದು ಎಂಟು ಸಾಲು ಬೆರೆಸಿ. ಗೆರೆ ಕಾಣದೆ ಬಣ್ಣ ಕರಗಿದ ಹಾಗೆ ಬರುತ್ತದೆ.

ಮೂರನೆಯ ದಾರಿ, ಎರಡು ಎಳೆ ಒಟ್ಟಿಗೆ ಹಿಡಿದು 4 ಮಿಲಿಮೀಟರ್ ಕಡ್ಡಿಯಲ್ಲಿ ಹೆಣೆಯುವುದು. ಚುಕ್ಕೆ ಗುಲಾಬಿಯ ಜೊತೆ ಕಂದು ಎಳೆ ಸೇರಿದರೆ ಎರಡೂ ತಣ್ಣಗಾಗುತ್ತವೆ. ಬಟ್ಟೆ ದಪ್ಪ, ಕೆಲಸ ಬೇಗ. ಆದರೆ ನೂಲು ಜಾಸ್ತಿ ಹಿಡಿಯುತ್ತದೆ. ಎಳೆ ಮಗುವಿಗೆ ತೆಳು ಬಟ್ಟೆಯೇ ಹಿತ ಎಂದು ನನ್ನ ಅಭಿಪ್ರಾಯ. ಹಾಗಾಗಿ ಇದನ್ನು ಹೊರಗೆ ಹೋಗುವಾಗ ಹಾಕುವ ಸ್ವೆಟರಿಗೆ ಮಾತ್ರ ಇಟ್ಟುಕೊಳ್ಳಿ.

ತಾನೇ ಪಟ್ಟೆ ಬೀಳುವ ನೂಲು ಕಾಲುಚೀಲದಲ್ಲಿ ಎಷ್ಟು ಚಂದ ಬಂದಿತ್ತು! ಸ್ವೆಟರಿನ ಮೈಯಲ್ಲಿ ಪಟ್ಟೆ ಸಣಕಲಾಯಿತು, ತೋಳಿನಲ್ಲಿ ಅಗಲವಾಯಿತು. ನೂಲು ಕೆಟ್ಟಿದೆಯೇ?

ನೂಲು ಸರಿಯಾಗೇ ಇದೆ. ಅದರಲ್ಲಿ ಪ್ರತಿ ಬಣ್ಣಕ್ಕೂ ಇಷ್ಟು ಉದ್ದ ಎಂದು ಗೊತ್ತುಪಡಿಸಿ ಬಣ್ಣ ಹಾಕಿರುತ್ತಾರೆ. ಒಂದು ಸುತ್ತಿನಲ್ಲಿ 64 ಕುಣಿಕೆ ಇರುವ ಕಾಲುಚೀಲದಲ್ಲಿ ಒಂದು ಬಣ್ಣ 8 ಸಾಲು ಬಂತು ಅನ್ನಿ. ಒಟ್ಟು 512 ಕುಣಿಕೆ ಆಯಿತು. ಸ್ವೆಟರಿನ ಮೈ 128 ಕುಣಿಕೆ ಇದ್ದರೆ ಅದೇ ನೂಲು 4 ಸಾಲಿಗೇ ಮುಗಿಯುತ್ತದೆ. 44 ಕುಣಿಕೆಯ ತೋಳಿನಲ್ಲಿ ಹನ್ನೊಂದು ಸಾಲು ದಾಟುತ್ತದೆ. ಈ ನೂಲು ಕುಲಾವಿಗೆ ಹೇಳಿ ಮಾಡಿಸಿದ್ದು. ಅಲ್ಲಿ 88 ಕುಣಿಕೆಗೆ ಆರು ಸಾಲಿನಷ್ಟು ಅಗಲದ ಪಟ್ಟೆ ಬರುತ್ತದೆ. ಸ್ವೆಟರಿಗೇ ಬೇಕೆಂದರೆ ಮೈಗೆ ಒಂದೇ ಬಣ್ಣದ ನೂಲು ಹಾಕಿ, ಎರಡು ತೋಳಿಗೆ ಮಾತ್ರ ಇದನ್ನು ಬಳಸಿ. ನೋಡಲು ತುಂಬ ಚೆನ್ನಾಗಿರುತ್ತದೆ.

ನಾನು ಹೆಣೆದ ಸ್ವೆಟರ್ ಮಗುವಿನ ಎದೆಗೆ ಸರಿ ಇದೆ, ತಲೆಯಲ್ಲಿ ಇಳಿಯುವುದೇ ಇಲ್ಲ. ಕುಲಾವಿ ನೋಡಿದರೆ ಕಣ್ಣಿನ ಮೇಲೆ ಜಾರುತ್ತದೆ. ಅಳತೆ ಹೇಗೆ ತೆಗೆಯಲಿ? – ಒಬ್ಬ ಚಿಕ್ಕಮ್ಮ

ಬಣ್ಣಕ್ಕಿಂತ ಹೆಚ್ಚು ಯೋಚನೆ ಮಾಡಬೇಕಾದದ್ದು ಇಲ್ಲೇ. ಹುಟ್ಟಿದ ಮಗುವಿನ ತಲೆಯ ಸುತ್ತಳತೆ ಸುಮಾರು 35 ಸೆಂ.ಮೀ., ಎದೆಯದು ಅದಕ್ಕಿಂತ ಒಂದೆರಡು ಸೆಂ.ಮೀ. ಕಡಿಮೆ. ಹೆಚ್ಚು ಕಡಿಮೆ ಒಂದು ವರ್ಷದವರೆಗೂ ತಲೆಯೇ ದೊಡ್ಡದು. ದೊಡ್ಡವರ ಸ್ವೆಟರಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅದಕ್ಕೇ ಎಳೆ ಮಗುವಿಗೆ ಮುಂದೆ ಪೂರ್ತಿ ತೆರೆಯುವ ಸ್ವೆಟರನ್ನೇ ಹೆಣೆಯಿರಿ ಎಂದು ಎಲ್ಲರಿಗೂ ಹೇಳುತ್ತೇನೆ. ಕತ್ತು ಇನ್ನೂ ನಿಲ್ಲದ ಮಗುವನ್ನು ಮಲಗಿಸಿಯೇ ತೋಳು ಹಾಕಬಹುದು. ತಲೆಯ ಮೇಲೆ ಎಳೆಯುವ ಕಷ್ಟ ತಾಯಿಗೂ ಇಲ್ಲ, ಮಗುವಿಗೂ ಇಲ್ಲ. ನೀವು ಈಗಾಗಲೇ ಹೆಣೆದದ್ದನ್ನು ಬಿಚ್ಚಬೇಡಿ. ಎಡಭುಜದ ಹೊಲಿಗೆಯನ್ನು ಕುತ್ತಿಗೆಯಿಂದ ತೋಳಿನ ಕಡೆಗೆ ಬಿಡಿಸಿ, ಎರಡು ಅಂಚಿಗೂ ಚಿಕ್ಕ ಪಟ್ಟಿ ಹೆಣೆದು ಮೂರು ಗುಂಡಿ ಇಡಿ.

ಕುಲಾವಿ ತಲೆಗಿಂತ ಚಿಕ್ಕದಿರಬೇಕು. ಹೆಣಿಗೆ ಹಿಗ್ಗುತ್ತದೆ, ಹಾಗೆ ಹಿಗ್ಗಿದಾಗಲೇ ತಲೆಯ ಮೇಲೆ ನಿಲ್ಲುವುದು. ತಲೆಯ ಅಳತೆಯಲ್ಲಿ ಮೂರು ಸೆಂ.ಮೀ. ಕಳೆಯಿರಿ. 3 ಮಿಲಿಮೀಟರ್ ಕಡ್ಡಿಯಲ್ಲಿ ಈ ನೂಲು ಸಾಮಾನ್ಯವಾಗಿ 10 ಸೆಂ.ಮೀ.ಗೆ 28 ಕುಣಿಕೆ ಕೊಡುತ್ತದೆ. ನಿಮ್ಮ ಕೈ ಬಿಗಿಯೋ ಸಡಿಲವೋ, ಒಂದು ತುಂಡು ಹೆಣೆದು, ಒಗೆದು, ಒಣಗಿಸಿ ಎಣಿಸಿ ನೋಡಿ. ಸೂಪರ್‌ವಾಶ್ ನೂಲು ಒದ್ದೆಯಾದರೆ ಹಿಗ್ಗುತ್ತದೆ, ಒಗೆಯದ ತುಂಡಿನ ಲೆಕ್ಕ ನಂಬುವಂತಿಲ್ಲ. ಹುಟ್ಟಿದ ಮಗುವಿಗೆ 32 ಸೆಂ.ಮೀ. ಬೇಕು, 32ನ್ನು 2.8ರಿಂದ ಗುಣಿಸಿದರೆ ಸುಮಾರು 90. ಎಂಟರಿಂದ ಭಾಗವಾಗುವ 88 ಇಟ್ಟುಕೊಳ್ಳಿ.

88 ಕುಣಿಕೆ ಸಡಿಲವಾಗಿ ಹಾಕಿ, ಸುತ್ತು ಸೇರಿಸಿ. ಎರಡು ನಿಟ್ (ನೇರ ಹೆಣಿಗೆ) ಎರಡು ಪರ್ಲ್ (ಉಲ್ಟಾ ಹೆಣಿಗೆ) ಹಾಕುತ್ತ, ಹಿಗ್ಗುವ ರಿಬ್ಬು ಅಂಚು 3 ಸೆಂ.ಮೀ. ಆಮೇಲೆ ಒಟ್ಟು ಎತ್ತರ 10 ಸೆಂ.ಮೀ. ಆಗುವವರೆಗೆ ಬರೀ ನಿಟ್. ಈಗ ಕುಣಿಕೆಗಳನ್ನು ಹನ್ನೊಂದರ ಎಂಟು ಭಾಗ ಮಾಡಿ, ಪ್ರತಿ ಭಾಗದ ಕೊನೆಯಲ್ಲಿ ಎರಡನ್ನು ಸೇರಿಸಿ ಹೆಣೆಯಿರಿ. ಸುತ್ತಿಗೆ ಎಂಟು ಕುಣಿಕೆ ಕಡಿಮೆಯಾಗುತ್ತದೆ. ಮೊದಲ ಐದು ಸಲ ಒಂದು ಸುತ್ತು ಬಿಟ್ಟು ಒಂದು ಸುತ್ತಿನಲ್ಲಿ, ಆಮೇಲೆ ಪ್ರತಿ ಸುತ್ತಿನಲ್ಲೂ ಹೀಗೆ ಮಾಡಿ. ಎಂಟು ಕುಣಿಕೆ ಉಳಿದಾಗ ನೂಲು ಕತ್ತರಿಸಿ, ಅವುಗಳೊಳಗೆ ಸೂಜಿಯಿಂದ ಎಳೆದು ಬಿಗಿಯಿರಿ. ಆರು ತಿಂಗಳ ಮಗುವಿನ ತಲೆ ಸುಮಾರು 43 ಸೆಂ.ಮೀ. ಇರುತ್ತದೆ. ಅದಕ್ಕೆ 112 ಕುಣಿಕೆ, ಎತ್ತರ ಒಂದೆರಡು ಸೆಂ.ಮೀ. ಹೆಚ್ಚು.

ಕುಲಾವಿಗೆ ಗಲ್ಲದ ಕೆಳಗೆ ಕಟ್ಟುವ ದಾರ ಇಡಬೇಡಿ. ಕುತ್ತಿಗೆಯ ಸುತ್ತ ಯಾವ ದಾರವೂ ಎಳೆ ಮಗುವಿಗೆ ಸುರಕ್ಷಿತವಲ್ಲ. ಮನೆಯೊಳಗೆ ಮಗು ಮಲಗಿದಾಗ ಕುಲಾವಿ ತೆಗೆಯಿರಿ ಎಂದು ತಾಯಿಗೂ ಹೇಳಿ. ಮಗುವಿನ ಮೈಯಲ್ಲಿ ಹೆಚ್ಚಾದ ಶಾಖ ತಲೆಯಿಂದಲೂ ಹೊರಗೆ ಹೋಗಬೇಕು. ಅವಧಿಗೆ ಮುಂಚೆ ಹುಟ್ಟಿದ ಅಥವಾ ತೂಕ ಕಡಿಮೆ ಇರುವ ಮಗುವಾದರೆ ವೈದ್ಯರು ಹೇಳಿದ ಹಾಗೆ ಮಾಡಿ.

ಹನ್ನೆರಡು ಬಣ್ಣ ಅಂದರೆ ಇಪ್ಪತ್ನಾಲ್ಕು ನೂಲಿನ ತುದಿ! ಗಂಟು ಹಾಕಿ ಬಿಟ್ಟರೆ ಆಗದೇ?

ಆಗದು. ಇದರಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಗಂಟು ಮಗುವಿನ ಬೆನ್ನಿಗೆ ಒತ್ತುತ್ತದೆ. ಅದಕ್ಕಿಂತ ಮುಖ್ಯವಾಗಿ, ತೋಳಿನೊಳಗೆ ಸಡಿಲ ಎಳೆ ಇದ್ದರೆ ಮಗುವಿನ ಬೆರಳು ಅದರಲ್ಲಿ ಸಿಕ್ಕಿಕೊಳ್ಳಬಹುದು. ಎಳೆ ಸುತ್ತಿಕೊಂಡು ಬಿಗಿದರೆ ಬೆರಳಿಗೆ ರಕ್ತ ಹೋಗುವುದು ನಿಲ್ಲುತ್ತದೆ. ಕೂದಲು, ದಾರದಿಂದ ಹೀಗಾಗುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ತೊಂದರೆ. ಹಾಗಾಗಿ ಪ್ರತಿ ತುದಿಯನ್ನೂ 15 ಸೆಂ.ಮೀ. ಬಿಟ್ಟು, ಸೂಜಿಯಲ್ಲಿ ಒಂದು ದಿಕ್ಕಿಗೆ ಹೋಗಿ, ತಿರುಗಿ ವಾಪಸ್ ಬಂದು ಹುದುಗಿಸಿ. ಒದ್ದೆ ಮಾಡಿ ಅಂಗೈಯಲ್ಲಿ ಉಜ್ಜಿ ಎರಡು ತುದಿ ಬೆಸೆಯುವ ಉಪಾಯ ಸೂಪರ್‌ವಾಶ್ ನೂಲಿಗೆ ನಡೆಯದು, ಅದು ಬೆಸೆದುಕೊಳ್ಳುವುದಿಲ್ಲ. ಎರಡು ಬಣ್ಣದ ಚಿತ್ರ ಹೆಣೆಯುವಾಗಲೂ ಹಿಂದೆ ಉದ್ದ ಎಳೆ ಬಿಡಬೇಡಿ, ಮೂರು ನಾಲ್ಕು ಕುಣಿಕೆಗೊಮ್ಮೆ ಸಿಕ್ಕಿಸಿಕೊಳ್ಳಿ.

ತುದಿ ಹುದುಗಿಸುವ ಕೆಲಸ ಬೇಸರ ಅಂದರೆ ಪ್ರತಿ ಬಣ್ಣ ಬದಲಿಸಿದ ತಕ್ಷಣ ಆ ತುದಿ ಮುಗಿಸಿಬಿಡಿ. ಕೊನೆಗೆ ಒಟ್ಟಿಗೆ ಇಟ್ಟುಕೊಂಡರೆ ಸ್ವೆಟರ್ ಪೆಟ್ಟಿಗೆಯಲ್ಲೇ ಉಳಿಯುತ್ತದೆ, ಮಗು ಬೆಳೆದುಬಿಡುತ್ತದೆ.

ಲೇಬಲ್ ಎಲ್ಲ ಕಳೆದಿದೆ. ಬಣ್ಣ ಬಿಡುತ್ತದೆಯೇ, ಕುಗ್ಗುತ್ತದೆಯೇ, ಹೇಗೆ ತಿಳಿಯಲಿ?

ಮೇಲೆ ಹೇಳಿದ ಬೆಸೆಯುವ ಉಪಾಯವೇ ಇಲ್ಲಿ ಪರೀಕ್ಷೆ. ಎರಡು ತುದಿಗಳನ್ನು ಬಿಡಿಸಿ, ಒದ್ದೆ ಮಾಡಿ, ಅಂಗೈ ನಡುವೆ ಬಿಸಿಯಾಗುವವರೆಗೆ ಉಜ್ಜಿ. ಅಂಟಿಕೊಂಡರೆ ಅದು ಕುಗ್ಗುವ ಉಣ್ಣೆ. ಕುಗ್ಗದ ನೂಲಿನ ಜೊತೆ ಅದನ್ನು ಸೇರಿಸಬೇಡಿ, ಒಗೆದಾಗ ಆ ಪಟ್ಟೆ ಮಾತ್ರ ಸೊಟ್ಟಗಾಗುತ್ತದೆ.

ಬಣ್ಣಕ್ಕೆ, ಪ್ರತಿ ಉಂಡೆಯಿಂದ ಒಂದು ಗೇಣು ನೂಲನ್ನು ಬಿಳಿ ಬಟ್ಟೆಯ ತುಂಡಿನಲ್ಲಿ ಸುತ್ತಿ, ಉಗುರುಬೆಚ್ಚನೆ ನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಬಟ್ಟೆಗೆ ಬಣ್ಣ ಹತ್ತಿದರೆ ಆ ನೂಲು ಬಣ್ಣ ಬಿಡುತ್ತದೆ. ಕಡುಕೆಂಪು ಮತ್ತು ಕಡುನೀಲಿಗಳನ್ನು ಎಂದೂ ನೋಡದೆ ಬಳಸಬೇಡಿ. ತಣ್ಣೀರಿಗೆ ವಿನೆಗರ್ ಹಾಕಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂದು ಬಹಳ ಜನ ಬರೆಯುತ್ತೀರಿ. ಉಣ್ಣೆಯ ಬಣ್ಣ ಹಿಡಿಯಲು ಹುಳಿಯ ಜೊತೆ ಬಿಸಿಯೂ ಬೇಕು. ಸುಮ್ನೆ ನೆನೆಸಿದ್ದನ್ನು ನಂಬಿ ಬಿಳಿಯ ಪಕ್ಕ ಇಡಬೇಡಿ. ಬಣ್ಣ ಬಿಡುವ ಉಂಡೆ ದೊಡ್ಡವರ ಕಾಲುಚೀಲಕ್ಕೇ ಹೋಗಲಿ, ಮಗು ಸ್ವೆಟರಿನ ತೋಳನ್ನು ಬಾಯಿಗೆ ಹಾಕುತ್ತದೆ ಅಲ್ವಾ?

ಐದು ಗ್ರಾಂ ಉಂಡೆಗಳು?

ಎಸೆಯಬೇಡಿ. ಕುಲಾವಿಯ ಎರಡು ಸಾಲಿನ ಪಟ್ಟೆಗೆ ಒಂದು ಗ್ರಾಂ ಸಾಕು. ಹುಳ ಹಿಡಿಯದಂತೆ ಗಾಳಿಯಾಡದ ಡಬ್ಬದಲ್ಲಿ, ತೂಕ ಬರೆದ ಚೀಟಿ ಸಿಕ್ಕಿಸಿ ಇಡಿ. ಗುಂಡಿ ಹೊಲಿಯಲೂ ಅದೇ ನೂಲನ್ನು ಬಳಸಬಹುದು, ನೈಲಾನ್ ಇರುವುದರಿಂದ ಗಟ್ಟಿ. ಹೊಲಿದ ಮೇಲೆ ಗುಂಡಿಯನ್ನು ಜೋರಾಗಿ ಎಳೆದು ನೋಡಿ. ಒಂದಿಷ್ಟು ಅಲುಗಾಡಿದರೂ ಮತ್ತೆ ಹೊಲಿಯಿರಿ.